ಎರಡೂವರೆ ಇಂಚು

ಟೇಪಮ್ಮ ಬೆಳಿಗ್ಗೆ ಮುಖ ತೊಳೆದ ಕೂಡಲೇ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡರೆ ಅದು ಇಳಿಯುತ್ತಿದ್ದದ್ದು ಮಲಗುವ ಹೊತ್ತಿಗೇ. ಆ ಹೆಸರು ಬಂದದ್ದೂ ಅದರಿಂದಲೇ. "ಈಕೇನ ಹೂಳೋ ದಿನಾನೂ ಗುಂಡಿ ಅಳತೆ ತಾನೇ ನೋಡ್ಕೊಂಡು ಆಮೇಲೆ ಮಲಗ್ತಾಳೆ" ಎಂದು ಪಕ್ಕದ ಟೈರ್ ಅಂಗಡಿಯವನು ತಮಾಷೆ ಮಾಡುತ್ತಿದ್ದ. ಅವಳೂ ನಗುತ್ತಿದ್ದಳು. ಐವತ್ತೇಳು ವರ್ಷ, ಕುಳ್ಳು ಮೈಕಟ್ಟು, ಮದುವೆಯ ಗೋಜಿಗೆ ಹೋದವಳಲ್ಲ. ಅಪ್ಪ ದರ್ಜಿಯಾಗಿದ್ದ. ಅವನಿಂದ ಅವಳಿಗೆ ಬಂದದ್ದು ಒಂದು ಹೊಲಿಗೆ ಯಂತ್ರ, ಎರಡು ಕತ್ತರಿ, ಒಮ್ಮೆ ತೆಗೆದ ಅಳತೆಯನ್ನು ಎಂದಿಗೂ ಬಿಟ್ಟುಕೊಡದ ತಲೆ. ಆದರೆ ಮನುಷ್ಯರ ಬಟ್ಟೆ ಹೊಲಿಯುವುದನ್ನು ಅವಳು ಬಿಟ್ಟು ಬಹಳ ಕಾಲವಾಗಿತ್ತು. ಬಸ್ಸಿನ ಸೀಟು, ಲಾರಿಯ ಸೀಟು, ಹಲ್ಲಿನ ಡಾಕ್ಟರ ಕುರ್ಚಿ, ಗಾಲಿಕುರ್ಚಿಯ ಬೆಲ್ಟು, ಹೀಗೆ ಕೂರುವಂಥದ್ದು ಏನು ಹರಿದರೂ ಜನ ಅವಳ ಹತ್ತಿರ ತರುತ್ತಿದ್ದರು.

ಒಂದು ಮಧ್ಯಾಹ್ನ ವಿಮಾನ ಮ್ಯೂಸಿಯಂನ ಮೇಲ್ವಿಚಾರಕ ಅಂಗಡಿಗೆ ಬಂದ. ಎಳೆ ವಯಸ್ಸಿನವನು, ಮಾತಿಗೊಮ್ಮೆ ಕನ್ನಡಕ ಸರಿಮಾಡಿಕೊಳ್ಳುವವನು.

"ಒಂದು ಹಳೇ ಯುದ್ಧ ವಿಮಾನ ಇದೆಯಮ್ಮ. ಸೀಟಿನ ಮೆತ್ತೇನ ಇಲಿ ತಿಂದು ಮುಗಿಸಿವೆ. ಬೆಲ್ಟು ಮುಟ್ಟಿದ್ರೆ ಪುಡಿಪುಡಿ. ಜನ ಹತ್ತಿ ಕೂತು ನೋಡೋ ಹಾಗೆ ಮಾಡ್ಬೇಕು ಅಂತಿದೀವಿ. ನಿಮ್ಮ ಕೈಲಿ ಆಗುತ್ತಾ?"

"ಆಗದೇ ಏನು? ಲಾರಿ ಆದ್ರೂ ಅಷ್ಟೇ, ವಿಮಾನ ಆದ್ರೂ ಅಷ್ಟೇ. ಕೂರೋ ಭಾಗ ಎಲ್ಲರದ್ದೂ ಒಂದೇ ತಾನೇ!"

ಅವನು ನಗುತ್ತಾ ಮೊಬೈಲಿನಲ್ಲಿ ಫೋಟೋ ತೋರಿಸಿದ. ಮೋಟು ಮೂತಿ, ಬೆನ್ನ ಮೇಲೆ ಗುಳ್ಳೆಯೆದ್ದಂತೆ ಗಾಜಿನ ಮುಚ್ಚಳ. ಟೇಪಮ್ಮನ ಕೈಯಲ್ಲಿದ್ದ ಕತ್ತರಿ ರೆಕ್ಸಿನ್ನಿನ ಅರ್ಧಕ್ಕೇ ನಿಂತಿತು.

"ಈ ಥರದ್ದು ಇನ್ನೂ ಉಳಿದಿದೆಯಾ?" ಎಂದಳು.

"ಇದೊಂದೇ. ನಿಮಗೆ ಗೊತ್ತಾ ಇದು?"

"ನೋಡಿದ್ದೆ. ಚಿಕ್ಕವಳಿದ್ದಾಗ."

ಸೋಮವಾರ ಬಂದು ಅಳತೆ ತೆಗೆದುಕೊಳ್ಳುವುದಾಗಿ ಹೇಳಿ ಅವನನ್ನು ಕಳಿಸಿದಳು. ಕತ್ತರಿಯನ್ನು ಮತ್ತೆ ನಡೆಸಲು ನೋಡಿದಳು. ಗೆರೆ ಸೊಟ್ಟಗೆ ಹೋಯಿತು.

ಅವಳ ಅಣ್ಣ ಇಂಥದೇ ವಿಮಾನದಲ್ಲಿ ಸತ್ತು ಮೂವತ್ತಾರು ವರ್ಷವಾಗಿತ್ತು.

ಅಣ್ಣನಿಗೆ ಆಗ ಇಪ್ಪತ್ತೆಂಟು. ದರ್ಜಿಯ ಮಗ ಪೈಲಟ್ ಆದನೆಂದು ಬೀದಿಗೆ ಬೀದಿಯೇ ಹೆಮ್ಮೆಪಟ್ಟಿತ್ತು. ಅಪ್ಪನಂತೂ ಅಂಗಡಿಗೆ ಬಂದವರ ಸೊಂಟಕ್ಕೆ ಟೇಪು ಸುತ್ತಿ, ಅವರು ಮಿಸುಕಾಡದಂತೆ ಹಿಡಿದುಕೊಂಡೇ ಮಗನ ಕಥೆ ಹೇಳುತ್ತಿದ್ದ. ವಾಯುನೆಲೆಯ ಪಕ್ಕದ ಕ್ವಾರ್ಟರ್ಸಿನಲ್ಲಿ ಅಣ್ಣ, ಅತ್ತಿಗೆ ಇಬ್ಬರೇ ಇದ್ದರು. ಹೊಲಿಗೆ ಶಾಲೆ ಅಲ್ಲಿಗೆ ಹತ್ತಿರವೆಂದು ಇಪ್ಪತ್ತೊಂದರ ಟೇಪಮ್ಮನೂ ಹೋಗಿ ಸೇರಿಕೊಂಡಿದ್ದಳು. ಅತ್ತಿಗೆ ಎತ್ತರದ ಹೆಂಗಸು. ಮಾತು ಕಮ್ಮಿ, ಆಡಿದರೆ ನೇರ. ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ಆ ದಿನ ಬೆಳಿಗ್ಗೆ ಗಂಡ ಹೆಂಡತಿಗೆ ಜಗಳವಾಯಿತು. ಗೋಡೆಯಾಚೆಯಿಂದ ಟೇಪಮ್ಮನಿಗೆ ಕೇಳಿಸಿದ್ದು ತುಂಡು ತುಂಡು. "ಹೋಗಿ ಹೇಳಿ!" ಎಂದು ಅತ್ತಿಗೆ. "ಹೇಳಲ್ಲ!" ಎಂದು ಅಣ್ಣ. "ನಿಮಗೆ ಜೀವಕ್ಕಿಂತ ನಾಚಿಕೆನೇ ಹೆಚ್ಚಾಯ್ತು" ಎಂದು ಮತ್ತೆ ಅತ್ತಿಗೆ. ಆಮೇಲೆ ಬಾಗಿಲು ಬಡಿದ ಸದ್ದು. ಅಣ್ಣ ತಿಂಡಿ ಮುಟ್ಟದೆ ಹೋಗಿದ್ದ.

ಹನ್ನೊಂದು ಗಂಟೆಗೆ ಅವನ ವಿಮಾನದ ಎಂಜಿನ್ ನಿಂತಿತು. ಹೊಗೆ ಬಿಡುತ್ತಾ ನಾಲ್ಕು ನಿಮಿಷ ಮೇಲೆಯೇ ತಿರುಗಿತು. ಚಕ್ರ ಬಿಡದೆ ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸುತ್ತೇನೆ ಎಂದು ಅಣ್ಣ ರೇಡಿಯೋದಲ್ಲಿ ಹೇಳಿದ. ಬೆಂಕಿ ಕಾಣಿಸಿದ ಮೇಲೆ, ಇಳಿಸಬೇಡ, ಜಿಗಿದುಬಿಡು ಎಂದು ಕೆಳಗಿನವರು ಕೂಗಿಕೊಂಡರು. ಅವನು ಜಿಗಿಯಲಿಲ್ಲ. ಮೂತಿ ಕೆಳಗಾಗಿ ವಿಮಾನ ಬಯಲಿಗೆ ಬಂದು ಹೊಡೆಯಿತು.

ವಿಚಾರಣೆಯ ವರದಿ ಎರಡು ಹಾಳೆಯದು. ಮುಚ್ಚಳ ಹಾರಿಸುವ ಹಿಡಿಯನ್ನು ಎಳೆದೇ ಇರಲಿಲ್ಲ, ಅದರ ಸೀಲಿನ ತಂತಿ ಕೂಡ ಹರಿದಿರಲಿಲ್ಲ ಎಂದು ಅದರಲ್ಲಿ ಬರೆದಿತ್ತು. 'ವಿಮಾನದಿಂದ ಹೊರಬರುವ ಯಾವ ಪ್ರಯತ್ನವನ್ನೂ ಪೈಲಟ್ ಮಾಡಿದಂತೆ ಕಾಣುವುದಿಲ್ಲ. ಮನೆಯಲ್ಲಿ ಅಂದು ಮನಸ್ತಾಪವಾಗಿತ್ತೆಂದು ಕುಟುಂಬದವರು ತಿಳಿಸಿದ್ದಾರೆ.' ಅಷ್ಟೇ. ಅದರಾಚೆ ಬಿಡಿಸಿ ಹೇಳುವುದೇನೂ ಉಳಿದಿರಲಿಲ್ಲ. ಅಪ್ಪ ಸೊಸೆಯ ಮುಖ ನೋಡುವುದನ್ನು ನಿಲ್ಲಿಸಿದ. "ನನ್ನ ಮಗನ್ನ ನೂಕಿದ್ದು ನಿನ್ನ ನಾಲಿಗೆ" ಎಂದ. ಮೂರು ತಿಂಗಳಿಗೆ ಅತ್ತಿಗೆ ಒಂದು ಸೂಟ್‌ಕೇಸ್ ಹಿಡಿದು ಹೊರಟುಹೋದಳು. ಯಾರೂ ತಡೆಯಲಿಲ್ಲ. ಕುಟುಂಬದವರು ತಿಳಿಸಿದ್ದಾರೆ ಎಂದಿತ್ತಲ್ಲ, ತಿಳಿಸಿದವಳು ಟೇಪಮ್ಮ. ಕ್ವಾರ್ಟರ್ಸಿಗೆ ಬಂದ ಅಧಿಕಾರಿ ಮೃದುವಾಗಿ ಕೇಳಿದ್ದ, ಇವಳು ಅಳುತ್ತಾ ಹೇಳಿದ್ದಳು. ಸುಳ್ಳೇನೂ ಹೇಳಲಿಲ್ಲ ಎಂದು ಅಂದಿನಿಂದಲೂ ತನಗೆ ತಾನೇ ಸಮಾಧಾನ ಮಾಡಿಕೊಂಡು ಬಂದಿದ್ದಳು.

ಸೋಮವಾರ ಮ್ಯೂಸಿಯಂಗೆ ರಜೆ. ದೊಡ್ಡ ತಗಡಿನ ಶೆಡ್ಡು, ಮೇಲೆ ಪಾರಿವಾಳಗಳ ಗುಟುರು. ವಿಮಾನ ಫೋಟೋದಲ್ಲಿ ಕಂಡದ್ದಕ್ಕಿಂತ ಚಿಕ್ಕದಿತ್ತು. ಪಕ್ಕದಲ್ಲಿ ಒಬ್ಬ ಮುದುಕ ಸ್ಟೂಲಿನ ಮೇಲೆ ಕೂತು ಚಕ್ರದ ತುಕ್ಕು ಉಜ್ಜುತ್ತಿದ್ದ. ಇವರು ಹಿಂದೆ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದರು, ಈಗ ವಾರಕ್ಕೆರಡು ದಿನ ಬಂದು ಸಹಾಯ ಮಾಡುತ್ತಾರೆ, ಎಲ್ಲರೂ ಬೋಲ್ಟು ತಾತ ಅನ್ನುತ್ತೇವೆ ಎಂದು ಮೇಲ್ವಿಚಾರಕ ಪರಿಚಯಿಸಿ ಆಫೀಸಿಗೆ ಹೋದ. ಮುದುಕ ತಲೆಯಾಡಿಸಿ ಏಣಿ ಹಿಡಿದ.

ಹೊರಗಿನಿಂದ ಅಳತೆ ತೆಗೆದು ಮುಗಿಸಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. "ಕೂತು ನೋಡದೆ ಸೀಟು ಹೊಲಿಯೋದು, ಉಪ್ಪು ನೋಡದೆ ಸಾರು ಬಡಿಸೋದು ಎರಡೂ ಒಂದೇ" ಎಂದು ಏಣಿ ಹತ್ತಿ, ಅಂಚು ದಾಟಿ, ಒಂದೊಂದೇ ಕಾಲನ್ನು ಒಳಗೆ ಇಳಿಬಿಟ್ಟಳು.

ಮೊದಲು ತಟ್ಟಿದ್ದು ವಾಸನೆ. ಹಳೆಯ ಎಣ್ಣೆ, ರಬ್ಬರು, ಇಲಿಯ ಉಚ್ಚೆ, ಇವೆಲ್ಲದರ ಕೆಳಗೆ ಎಷ್ಟೋ ಜನರ ಬೆವರು ಇಂಗಿ ಒಣಗಿದ ಒಗರು. ತಗಡಿನ ಸೀಟು ಬಾಣಲೆಯಂತೆ ಗುಳಿಬಿದ್ದಿತ್ತು. ಮೆತ್ತೆಯಿಲ್ಲದ್ದರಿಂದ ಅದರ ತಂಪು ಮೈಗೆ ಏರಿತು. ಕೂತಳೋ ಇಲ್ಲವೋ, ಎರಡೂ ಭುಜಕ್ಕೆ ಎರಡೂ ಗೋಡೆ ತಾಗಿದವು. ಅವಳಂಥ ಕುಳ್ಳಿಗೇ ಹೀಗಾದರೆ ಎತ್ತರದವರು ಹೇಗೆ ಕೂರುತ್ತಿದ್ದರೋ! ಮೊಣಕಾಲು ಎತ್ತಿದರೆ ಮೀಟರುಗಳ ಫಲಕಕ್ಕೆ ಬಡಿಯುತ್ತಿತ್ತು. ಎರಡು ತೊಡೆಗಳ ನಡುವೆ ಒಂದು ಕೋಲು. ಅದರ ಹಿಡಿಯ ಕಪ್ಪು ಬಣ್ಣ ಹೆಬ್ಬೆರಳು ಕೂರುವಷ್ಟು ಜಾಗದಲ್ಲಿ ಸವೆದು ಬಿಳಿ ಲೋಹ ಇಣುಕುತ್ತಿತ್ತು. ಎದುರಿಗೆ ಇಪ್ಪತ್ತಕ್ಕೂ ಹೆಚ್ಚು ಗಡಿಯಾರಗಳು, ಎಲ್ಲದರ ಮುಳ್ಳೂ ಸೊನ್ನೆಗೆ ಬಿದ್ದಿದ್ದವು. ಮುಂದೆ ನೋಡಿದರೆ ಮೂತಿ ಬಿಟ್ಟು ಮತ್ತೇನೂ ಕಾಣದು. ನೆಲ ಕಾಣದು, ಏಣಿ ಕಾಣದು, ಏಣಿ ಹಿಡಿದು ನಿಂತ ಮುದುಕನೂ ಕಾಣನು.

ಅಣ್ಣ ಆಕಾಶದಲ್ಲಿ ಇರುತ್ತಾನೆ ಎಂದು ಅವಳು ಹುಡುಗಿಯಾಗಿದ್ದಾಗ ಅಂದುಕೊಳ್ಳುತ್ತಿದ್ದಳು. ಆಕಾಶ ಎಂದರೆ ಅಷ್ಟು ದೊಡ್ಡದು, ಕೈಕಾಲು ಚಾಚಿದಷ್ಟೂ ಜಾಗ. ಅವನು ಇದ್ದದ್ದು ಇಲ್ಲಿ! ಬೀರುವಿನ ಕೆಳಗಿನ ಅರೆಯಷ್ಟು ಜಾಗದಲ್ಲಿ, ಕೆಮ್ಮಿದರೆ ತನ್ನ ಉಸಿರು ತನಗೇ ಬಂದು ಬಡಿಯುವ ಡಬ್ಬಿಯಲ್ಲಿ.

"ಮುಚ್ಚಳ ಎಳೀರಿ" ಎಂದಳು.

"ಯಾಕಮ್ಮ? ಒಳಗೆ ಉಬ್ಬಸ ಆಗುತ್ತೆ."

"ಬೆಲ್ಟಿನ ಉದ್ದ ನೋಡ್ಬೇಕು. ಎಳೀರಿ."

ಗಾಜಿನ ಮುಚ್ಚಳ ಕಿರ್ರೆಂದು ಹಿಂದಿನಿಂದ ಜಾರಿ ಬಂದು ಟಕ್ಕೆಂದು ಕೂತಿತು. ಪಾರಿವಾಳಗಳ ಸದ್ದು ಕತ್ತರಿಸಿದಂತೆ ನಿಂತುಹೋಯಿತು. ಉಳಿದದ್ದು ಅವಳ ಉಸಿರು, ಕಿವಿಯೊಳಗೆ ರಕ್ತ ಬಡಿಯುವ ಸದ್ದು. ನೆತ್ತಿಗೂ ಗಾಜಿಗೂ ನಡುವೆ ನಾಲ್ಕು ಬೆರಳು ಹಿಡಿಯುವುದಿಲ್ಲ. ಎರಡು ನಿಮಿಷಕ್ಕೆ ಗಾಜು ಒಳಗಿನಿಂದ ಮಂಜಾಯಿತು. ಅವಳು ಅಂಗಡಿಯಿಂದ ತಂದಿದ್ದ ಹೊಸ ಪಟ್ಟಿಗಳನ್ನು ಬೆನ್ನ ಹಿಂದಿನ ಕೊಂಡಿಗೆ ಹಾಕಿ, ಭುಜದ ಮೇಲಿಂದ ತಂದು ಹೊಟ್ಟೆಯ ಮೇಲಿನ ಗುಂಡು ಬಕಲಿಗೆ ಸಿಕ್ಕಿಸಿ, ಹೇಗಿರಬೇಕೋ ಹಾಗೆ ಬಿಗಿ ಮಾಡಿದಳು. ಎಡಗಡೆ ಒಂದು ಚಿಕ್ಕ ಸನ್ನೆಕೋಲು, ಭುಜದ ಪಟ್ಟಿಗಳಿಗೆ ಬೀಗ ಹಾಕುವಂಥದ್ದು. ಅದನ್ನು ಮುಂದೆ ತಳ್ಳಿದಳು. ಬೆನ್ನ ಹಿಂದೆ ಏನೋ ಕಚ್ಚಿಕೊಂಡ ಸದ್ದಾಯಿತು. ಪಟ್ಟಿಗಳು ಅವಳನ್ನು ಸೀಟಿಗೆ ಅಂಟಿಸಿಬಿಟ್ಟವು.

ಆಗ ಕಂಡದ್ದು ಕೆಂಪು ಹಿಡಿ. ಫಲಕದ ಬಲಮೂಲೆಯಲ್ಲಿ, ಕೆಳಗೆ. ಮೇಲೆ 'ಮುಚ್ಚಳ' ಎಂದು ಬರೆದ ಬಣ್ಣ ಅರ್ಧ ಹೋಗಿತ್ತು.

ಅವಳು ಬಲಗೈ ಚಾಚಿದಳು. ಸಿಗಲಿಲ್ಲ.

ಪಟ್ಟಿಯ ವಿರುದ್ಧ ಭುಜ ನೂಕಿ ಮತ್ತೆ ಚಾಚಿದಳು. ಬೆರಳ ತುದಿಗೂ ಹಿಡಿಗೂ ನಡುವೆ ಗಾಳಿ. ಸನ್ನೆಯನ್ನು ಹಿಂದಕ್ಕೆ ಎಳೆಯಲು ನೋಡಿದಳು, ಅದು ಅಲ್ಲಾಡಲಿಲ್ಲ. ಮೈಯನ್ನು ಮುಂದಕ್ಕೆ ಒತ್ತಿದಷ್ಟೂ ಬೀಗ ಬಿಗಿಯಾಗಿ ಹಿಡಿದುಕೊಳ್ಳುತ್ತಿತ್ತು. ಕೊನೆಗೆ ಬೆನ್ನನ್ನು ಸೀಟಿಗೆ ಆನಿಸಿ, ಭಾರ ತೆಗೆದ ಮೇಲೆಯೇ ಅದು ಬಿಟ್ಟದ್ದು. ಮತ್ತೆ ಬೀಗ ಹಾಕಿ, ಕೊರಳಿನ ಟೇಪು ತೆಗೆದು ಬೆರಳ ತುದಿಯಿಂದ ಹಿಡಿಗೆ ಅಳೆದಳು. ಮೂರು ಇಂಚು.

ಅವಳ ತೋಳು ಇಪ್ಪತ್ತೊಂದೂವರೆ. ಅಣ್ಣನದು ಇಪ್ಪತ್ತೆರಡು. ಅವರ ಮನೆಯಲ್ಲಿ ಎಲ್ಲರದ್ದೂ ಗಿಡ್ಡ ತೋಳು. "ನಮ್ಮ ಮನೆ ಗಂಡಸರ ಅಂಗಿಗೆ ಬಟ್ಟೆ ತಗೊಂಡ್ರೆ ಕರವಸ್ತ್ರ ಪುಕ್ಕಟೆ" ಎಂದು ಅಪ್ಪ ನಗಾಡುತ್ತಿದ್ದ. ಮೂರರಲ್ಲಿ ಅರ್ಧ ಇಂಚು ಕಳೆದರೆ ಎರಡೂವರೆ.

ಅವಳು ಗಾಜು ಬಡಿದಳು. ಮುದುಕ ಮುಚ್ಚಳ ಸರಿಸಿದಾಗ ಅವಳ ಮುಖದಲ್ಲಿ ಬೆವರು ಧಾರೆಯಾಗಿ ಇಳಿಯುತ್ತಿತ್ತು. "ಹೇಳಿದ್ನಲ್ಲ, ಉಬ್ಬಸ ಆಗುತ್ತೆ ಅಂತ" ಎಂದ ಅವನು. ಅವಳು ಹಳೆಯ ಬಕಲನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಟ್ರಂಕಿನ ತಳದಿಂದ ವರದಿ ತೆಗೆದಳು. ಹದಿನೈದು ವರ್ಷದಿಂದ ಅದನ್ನು ಬಿಚ್ಚಿರಲಿಲ್ಲ. ಈ ಸಲ ಒಂದೊಂದೇ ಸಾಲಿನ ಕೆಳಗೆ ಬೆರಳಿಟ್ಟು ಓದಿದಳು. ಎರಡನೆಯ ಹಾಳೆಯ ಮಧ್ಯೆ, ಇಷ್ಟು ದಿನ ಕಣ್ಣಿಗೆ ಬಿದ್ದರೂ ತಲೆಗೆ ಹೋಗದ ಒಂದು ಸಾಲಿತ್ತು: 'ಭುಜದ ಪಟ್ಟಿಗಳ ಬೀಗ ಹಾಕಿದ ಸ್ಥಿತಿಯಲ್ಲಿತ್ತು. ಬಕಲ್ ಬಿಚ್ಚಿತ್ತು. ನೆಲಕ್ಕೆ ಬಡಿದ ಹೊಡೆತಕ್ಕೆ ಬಿಚ್ಚಿಕೊಂಡಿರಬಹುದು.'

ಅವಳು ಹಳೆಯ ಬಕಲಿಗೆ ಗಟ್ಟಿ ಪಟ್ಟಿಗಳನ್ನು ಸಿಕ್ಕಿಸಿ, ಅಂಗಡಿಯ ಕಬ್ಬಿಣದ ಹಲಗೆಯ ಮೇಲಿಟ್ಟು ಸುತ್ತಿಗೆಯಿಂದ ಹೊಡೆದಳು. ಮೇಲಿಂದ ಹೊಡೆದಳು, ಪಕ್ಕದಿಂದ ಹೊಡೆದಳು. ಟೈರ್ ಅಂಗಡಿಯವನು ಇಣುಕಿ ನೋಡಿ ವಾಪಸು ಹೋದ. ಬಕಲ್ ನೆಗ್ಗಿತೇ ಹೊರತು ಬಿಚ್ಚಲಿಲ್ಲ. ಅದನ್ನು ಕಾಲುಸುತ್ತು ತಿರುಗಿಸಿ, ಆಮೇಲೆ ಅಂಗೈಯಿಂದ ಗುದ್ದಬೇಕು. ಆಗಲೇ ನಾಲ್ಕೂ ಪಟ್ಟಿ ಒಟ್ಟಿಗೆ ಹಾರಿ ಬೀಳುವುದು. ಮನುಷ್ಯನ ಕೈಯಲ್ಲದೆ ಬೇರೇನೂ ಅದನ್ನು ಬಿಚ್ಚುವ ಹಾಗಿರಲಿಲ್ಲ.

ಗುರುವಾರ ಮ್ಯೂಸಿಯಂಗೆ ಹೋಗಿ ಬೋಲ್ಟು ತಾತನ ಎದುರಿನ ಸ್ಟೂಲಿನ ಮೇಲೆ ಕೂತಳು. ತನ್ನ ಅಣ್ಣ ಯಾರೆಂದು ಹೇಳಿದಳು. ಮುದುಕನ ಕೈಯಲ್ಲಿದ್ದ ಉಜ್ಜುಕಾಗದ ನಿಂತಿತು.

"ನೀವು ಆ ನೆಲೇಲೇ ಇದ್ರಾ?"

"ಇದ್ದೆ. ಆ ವಿಮಾನ ನಂದೇ. ಅಂದ್ರೆ, ನೋಡ್ಕೊಳ್ತಿದ್ದಿದ್ದು ನಾನೇ."

"ಹಾಗಾದ್ರೆ ಹೇಳಿ. ಕೈ ಸಿಗದವರು ಏನು ಮಾಡ್ತಿದ್ರು?"

ಅವನು ಸುಳ್ಳು ಹೇಳುವ ವಯಸ್ಸು ದಾಟಿದ್ದ. ಯಾರಾದರೂ ಕೇಳಲಿ ಎಂದು ಕಾದು ಕಾದು ಸೋತಿದ್ದ ಅಂತಲೂ ಕಾಣುತ್ತದೆ.

"ಬಾಲ ಕಟ್ತಿದ್ವಿ. ತೊಗಲಿಂದು, ಒಂದು ಗೇಣು. ಕೆಂಪು ಹಿಡಿಗೆ ಗಂಟು ಹಾಕಿಬಿಟ್ರೆ ಯಾರಿಗೆ ಬೇಕಾದ್ರೂ ಸಿಗೋದು. ನಿಮ್ಮಣ್ಣಂಗೆ ನಾನೇ ಕಟ್ಟಿಕೊಟ್ಟಿದ್ದೆ. ಅವರೂ ಇನ್ನಿಬ್ಬರೂ, ಮೂರು ಜನ ಕುಳ್ಳರಿದ್ರು. ಆ ವಾರ ಮೇಲಿಂದ ತಪಾಸಣೆಗೆ ಬರೋರಿದ್ರು. ನಕ್ಷೇಲಿ ಇಲ್ಲದ್ದು ಒಂದೂ ಇರಬಾರದು, ಎಲ್ಲಾ ಕಿತ್ತು ಹಾಕಿ ಅಂತ ಆರ್ಡರ್ ಆಯ್ತು. ಹಿಂದಿನ ದಿನ ಸಂಜೆ ಕಿತ್ತೆ. ಈ ಕೈಯಿಂದಾನೇ."

"ಅವನಿಗೆ ಗೊತ್ತಿತ್ತಾ?"

"ಕೀಳೋವಾಗ ಪಕ್ಕದಲ್ಲೇ ಇದ್ರು. ನಕ್ರು. 'ಇರ್ಲಿ ಬಿಡಯ್ಯ, ಎರಡು ದಿನ ತಾನೇ' ಅಂದ್ರು."

ಟೇಪಮ್ಮ ಬಕಲಿನ ಮಾತು ಎತ್ತಿದಳು. ಮುದುಕ ಕಣ್ಣು ಮುಚ್ಚಿಕೊಂಡ.

"ಅದು ಹೊಡೆತಕ್ಕೆ ಬಿಚ್ಚೋದಲ್ಲಮ್ಮ. ಇಳಿಸೋಕೆ ಹೊರಟಾಗ ಮೊದಲು ಭುಜಕ್ಕೆ ಬೀಗ, ಆಮೇಲೆ ಮುಚ್ಚಳ. ಪುಸ್ತಕದಲ್ಲಿ ಹಾಗೇ ಬರೆದಿದೆ. ಅವರು ಪುಸ್ತಕದ ಪ್ರಕಾರಾನೇ ಮಾಡಿದ್ರು. ಹಾರೋವಾಗ ಮುಚ್ಚಳ ಕೈಯಲ್ಲಿ ತಳ್ಳಿದ್ರೆ ಸರಿಯಲ್ಲ, ಆ ಹಿಡಿ ಎಳೆದ್ರೇನೇ ಹಾರೋದು. ಮೂತಿ ಕೆಳಗಾದ ಮೇಲೆ ಮೈ ಎಲ್ಲಾ ಪಟ್ಟಿ ಮೇಲೆ ಜೋತು ಬೀಳುತ್ತೆ. ಭಾರ ಬಿದ್ದ ಬೀಗ ಬಿಡಲ್ಲ. ಬಕಲ್ ಬಿಚ್ಚೋದೊಂದೇ ದಾರಿ. ಬಿಚ್ಚಿದ್ರೆ ಹಿಡಿದುಕೊಳ್ಳೋಕೆ ಏನೂ ಇಲ್ಲ, ಹೋಗಿ ಗಾಜಿಗೆ ಬಡೀಬೇಕು. ಅದೂ ಗೊತ್ತಿತ್ತು ಅವರಿಗೆ. ಕಡೇಗೆ ಬಿಚ್ಚಿದ್ರು. ಹೊತ್ತು ಉಳಿದಿರ್ಲಿಲ್ಲ."

"ಇದನ್ನೆಲ್ಲಾ ವಿಚಾರಣೇಲಿ ಹೇಳಿದ್ರಾ?"

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು ಅಂದ್ರು. ಎಂಜಿನ್ ಬಗ್ಗೆ ಕೇಳಿದ್ರು, ಎಣ್ಣೆ ಬಗ್ಗೆ ಕೇಳಿದ್ರು. ಬಾಲದ ಬಗ್ಗೆ ಯಾರೂ ಕೇಳಲಿಲ್ಲ." ಉಜ್ಜುಕಾಗದವನ್ನು ಮಡಿಸಿ ಮಡಿಸಿ ಉಗುರಿನಷ್ಟು ಮಾಡಿದ. "ನಂಗೂ ಎರಡು ಮಕ್ಕಳಿದ್ವು."

ಅವಳಿಗೆ ಅವನನ್ನು ಹೊಡೆಯಬೇಕು ಅನ್ನಿಸಿತು. ಕೈ ಎತ್ತಲಿಲ್ಲ. ಇವನು ಬಾಯಿ ಮುಚ್ಚಿಕೊಂಡ, ನಾನು ಬಾಯಿ ಬಿಟ್ಟೆ. ಇಬ್ಬರೂ ಸೇರಿ ಆ ಎರಡು ಹಾಳೆ ತುಂಬಿಸಿದ್ದೆವು ಎಂದು ಹೊಳೆಯಿತು. ಅಣ್ಣ ಸಾಯಬೇಕೆಂದು ಸಾಯಲಿಲ್ಲ. ಆ ಒಂದು ಮಾತು ಸಮಾಧಾನ ಕೊಡಬೇಕಿತ್ತು. ಆದರೆ ಮೂವತ್ತಾರು ವರ್ಷ ಅವಳ ಮನಸ್ಸಿನಲ್ಲಿ ಅಣ್ಣ ಕೈಕಟ್ಟಿ ಸುಮ್ಮನೆ ಕೂತು ಕೆಳಗೆ ಬಂದಿದ್ದ. ಈಗ ಅವನು ಕೈ ಚಾಚುತ್ತಿದ್ದ. ಅವಳು ಎಚ್ಚರವಿದ್ದಾಗಲೆಲ್ಲ ಚಾಚುತ್ತಿದ್ದ.

ಅತ್ತಿಗೆ ಎಲ್ಲಿದ್ದಾಳೆಂದು ಟೇಪಮ್ಮನಿಗೆ ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದೂ ಹೋಗಿರಲಿಲ್ಲ, ಅಷ್ಟೇ. ಎರಡು ಬಸ್ಸು ಬದಲಿಸಿ ಹೋದರೆ ಪೇಟೆಯ ಮಧ್ಯದಲ್ಲಿ ಒಂದು ಕನ್ನಡಕದ ಅಂಗಡಿ. ಮುಂದೆ ಫ್ರೇಮುಗಳ ಸಾಲು, ಹಿಂದೆ ಪರದೆಯಾಚೆ ಗಾಜು ಉಜ್ಜುವ ಕೋಣೆ. ಅರವತ್ತೊಂದರ ಅತ್ತಿಗೆ ಅಲ್ಲಿ ತಿರುಗುವ ಕಲ್ಲಿನ ಮುಂದೆ ಕೂತು, ಒಂದು ಗಾಜಿನ ಅಂಚನ್ನು ಅದಕ್ಕೆ ತಾಗಿಸಿ ಸವೆಸುತ್ತಿದ್ದಳು. ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಬೆನ್ನು ಬಾಗಿದ್ದರೂ ಎತ್ತರ ಇನ್ನೂ ಹಾಗೇ ಇತ್ತು.

"ಅತ್ತಿಗೆ."

ಅವಳು ತಲೆಯೆತ್ತಿದಳು. ಗುರುತು ಹಿಡಿಯಲು ಒಂದು ಕ್ಷಣವೂ ಬೇಕಾಗಲಿಲ್ಲ.

"ಹಾಗೆ ಕರೆಯೋರು ಯಾರೂ ಉಳಿದಿಲ್ಲ ಅಂದ್ಕೊಂಡಿದ್ದೆ" ಎಂದಳು. "ಕೂತ್ಕೋ. ಕನ್ನಡಕಕ್ಕಾ?"

"ಅಲ್ಲ."

ಟೇಪಮ್ಮ ಕೂತು ಎಲ್ಲವನ್ನೂ ಹೇಳಿದಳು. ಮ್ಯೂಸಿಯಂ, ಸೀಟು, ಕೆಂಪು ಹಿಡಿ, ತೊಗಲಿನ ಬಾಲ, ಬಕಲ್. ಅತ್ತಿಗೆ ಕಲ್ಲು ನಿಲ್ಲಿಸಲಿಲ್ಲ. ಗಾಜನ್ನು ಬೆಳಕಿಗೆ ಹಿಡಿಯುವಳು, ಮತ್ತೆ ಕಲ್ಲಿಗೆ ತಾಗಿಸುವಳು. ಕೊನೆಗೆ ಕೇಳಿದಳು:

"ಎಷ್ಟು ಕಮ್ಮಿ ಬಂತು ಅಂದೆ?"

"ಎರಡೂವರೆ ಇಂಚು."

"ಅವರು ಮೂರು ಅಂತಿದ್ರು."

ಟೇಪಮ್ಮನಿಗೆ ಅರ್ಥವಾಗಲಿಲ್ಲ. "ಯಾರು?"

"ನಿಮ್ಮಣ್ಣ. ಇನ್ಯಾರು?" ಅತ್ತಿಗೆ ಸ್ವಿಚ್ಚು ಆರಿಸಿದಳು. ಕಲ್ಲು ಇನ್ನೂ ಸ್ವಲ್ಪ ಹೊತ್ತು ತಿರುಗಿ ನಿಂತಿತು. "ಆ ಬಾಲ ಕಿತ್ತರು ಅಂತ ಅವರೇ ಬಂದು ಹೇಳಿದ್ರು, ನಗ್ತಾ. ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಜಗಳ ಆಡಿದೆ. ಹೋಗಿ ಹೇಳಿ, ನನಗೆ ಕೈ ಸಿಗಲ್ಲ, ಬಾಲ ಇಲ್ದೆ ಹಾರಲ್ಲ ಅಂತ ಹೇಳಿ ಅಂದೆ. ಹೇಳಿದ್ರೆ ಕೈ ಅಳೀತಾರೆ, ಅಳೆದ್ರೆ ಆಫೀಸಿನ ಕುರ್ಚಿಗೆ ಹಾಕ್ತಾರೆ ಅಂದ್ರು. ನಿಮಗೆ ಜೀವಕ್ಕಿಂತ ನಾಚಿಕೆನೇ ಹೆಚ್ಚಾಯ್ತು ಅಂದೆ. ಬಾಗಿಲು ಬಡಿದು ಹೋದ್ರು."

ಮುಂಗಡೆ ಯಾರೋ ಗಿರಾಕಿ ಕನ್ನಡಿಯ ಮುಂದೆ ಫ್ರೇಮು ಹಾಕಿ ನೋಡುತ್ತಿದ್ದ. ಹೆಂಡತಿ ಚೆನ್ನಾಗಿಲ್ಲ ಅನ್ನುತ್ತಿದ್ದಳು.

"ನಿಂಗೆ ಗೊತ್ತಿತ್ತು" ಎಂದಳು ಟೇಪಮ್ಮ. "ಮತ್ತೆ ಯಾಕೆ ಯಾರಿಗೂ..."

"ಯಾರಿಗೂ? ವಿಚಾರಣೆ ಕೋಣೆ ಹೊರಗೆ ನಾಲ್ಕು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಕರೀಲಿಲ್ಲ. 'ಪತ್ನಿ ಶೋಕದಲ್ಲಿರುವುದರಿಂದ ಹೇಳಿಕೆ ಪಡೆದಿಲ್ಲ' ಅಂತ ಬರ್ಕೊಂಡ್ರು. ಅದಕ್ಕೂ ಮೊದಲು ನಿಮ್ಮಪ್ಪನಿಗೆ ಹೇಳಿದೆ. ಪೆಟ್ಟಿಗೆ ಮನೆಗೆ ಬಂತಲ್ಲ, ಅವತ್ತೇ. ಮಾವ, ಅವರಿಗೆ ಕೈ ಸಿಗಲಿಲ್ಲ, ಅವರ ಕೈ ಗಿಡ್ಡ ಅಂತ ಹೇಳಿದೆ. ಅವರು ಏನಂದ್ರು ಗೊತ್ತಾ? 'ಆ ತೋಳಿಗೆ ಹುಟ್ಟಿದಾಗಿಂದ ಅಂಗಿ ಹೊಲಿದವನು ನಾನು. ನನ್ನ ಮಗನ ಕೈಗೆ ಕುಂದು ಹೇಳಬೇಡ' ಅಂದ್ರು."

ಅವಳು ಟೇಪಮ್ಮನ ಕಡೆ ತಿರುಗಿದಳು.

"ನೀನು ಅಲ್ಲೇ ಇದ್ದೆ. ಬಾಗಿಲ ಹತ್ತಿರ, ನೀರಿನ ಲೋಟ ಹಿಡ್ಕೊಂಡು."

ಇದ್ದಳು. ನೆನಪಿಲ್ಲ ಎಂದುಬಿಡಬಹುದಿತ್ತು. ಆದರೆ ನೆನಪಿತ್ತು. ಅತ್ತಿಗೆಯ ಬಾಯಿಂದ ಕೈ, ಗಿಡ್ಡ ಎಂಬ ಮಾತು ಬಂದದ್ದು ಕೇಳಿಸಿತ್ತು. ಗಂಡನನ್ನು ಕೊಂದು, ಈಗ ತಪ್ಪನ್ನು ಅವನ ಕೈಕಾಲಿನ ಮೇಲೆ ಹಾಕುತ್ತಿದ್ದಾಳಲ್ಲ ಎಂದು ಆಗ ಅವಳಿಗೆ ಮೈಯೆಲ್ಲ ಉರಿದಿತ್ತು. ಮೂರನೆಯ ದಿನ ಅಧಿಕಾರಿ ಬಂದು ಕೇಳಿದಾಗ ಆ ಉರಿಯಲ್ಲೇ ಬಾಯಿ ಬಿಟ್ಟಿದ್ದಳು.

"ಆ ಹೇಳಿಕೆ ಕೊಟ್ಟಿದ್ದು ನಾನು ಅತ್ತಿಗೆ. ಜಗಳ ಆಯ್ತು ಅಂತ."

"ಗೊತ್ತು. ಓದಿದೀನಿ. ಕುಟುಂಬದವರು ಅಂದ್ರೆ ಇನ್ಯಾರು, ಗೋಡೆನಾ?"

"ತಪ್ಪಾಯ್ತು."

"ಹೂಂ" ಎಂದಳು ಅತ್ತಿಗೆ. ಗಾಜನ್ನು ಬಟ್ಟೆಯಲ್ಲಿ ಒರೆಸಿ ಲಕೋಟೆಗೆ ಹಾಕಿ ಮೇಲೆ ಗಿರಾಕಿಯ ಹೆಸರು ಬರೆದಳು.

ಟೇಪಮ್ಮ ಅಷ್ಟಕ್ಕೇ ಬಿಡಲಿಲ್ಲ. ಬೋಲ್ಟು ತಾತನನ್ನು ಕೂರಿಸಿಕೊಂಡು ಅವನು ಹೇಳಿದ್ದನ್ನೆಲ್ಲ ನಾಲ್ಕು ಹಾಳೆಯಲ್ಲಿ ಬರೆಸಿ, ಕೆಳಗೆ ಅವನಿಂದ ಸಹಿ ಹಾಕಿಸಿದಳು. ಅವನ ಸಹಿ ಎರಡು ಸಲ ಕೆಟ್ಟಿತು. ತನ್ನ ಅಳತೆಗಳನ್ನೂ ಬಕಲಿನ ಫೋಟೋಗಳನ್ನೂ ಸೇರಿಸಿ ವಾಯುಪಡೆಯ ಇಲಾಖೆಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದಳು. ಉತ್ತರಕ್ಕೆ ಕಾಯುತ್ತಾ ಸೀಟಿನ ಕೆಲಸ ಮುಗಿಸಿದಳು. ಅಂಥ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ. ಒಂದೊಂದು ಹೊಲಿಗೆಯೂ ಎಣಿಸಿ ಇಟ್ಟಂತಿತ್ತು. ಮ್ಯೂಸಿಯಂನವರು ಹೊಗಳಿದರು. ಶಾಲೆಯ ಮಕ್ಕಳು ಸಾಲುಗಟ್ಟಿ ಏಣಿ ಹತ್ತಿ ಕೂತು, ಬಾಯಲ್ಲಿ ಎಂಜಿನ್ ಸದ್ದು ಮಾಡಿ, ಫೋಟೋ ತೆಗೆಸಿಕೊಂಡು ಇಳಿದರು. ಮೊದಲ ದಿನ ಮಾತ್ರ ಅವಳು ನೋಡಲು ಹೋದಳು. ಬೋಲ್ಟು ತಾತ ಅವತ್ತು ಬಂದಿರಲಿಲ್ಲ. ಆಮೇಲೂ ಬರಲಿಲ್ಲ. ಮೊಣಕಾಲು ನೋವೆಂದು ಮನೆಯಿಂದ ಫೋನು ಬಂತಂತೆ.

ಏಳು ವಾರಕ್ಕೆ ಉತ್ತರ ಬಂತು, ಮೂರು ಸಾಲಿನದು. ಮೂವತ್ತು ವರ್ಷ ದಾಟಿದ ಮೂಲ ಕಡತಗಳನ್ನು ಉಳಿಸಿಕೊಂಡಿಲ್ಲ, ಮರುವಿಚಾರಣೆಗೆ ಆಧಾರ ಕಾಣುವುದಿಲ್ಲ, ತಮ್ಮ ಪತ್ರವನ್ನು ದಾಖಲಿಸಿಕೊಳ್ಳಲಾಗಿದೆ.

ಅದನ್ನು ಹಿಡಿದು ಅವಳು ಮತ್ತೆ ಎರಡು ಬಸ್ಸು ಹತ್ತಿದಳು. ಅತ್ತಿಗೆ ಪತ್ರವನ್ನು ಕಣ್ಣಿನ ಹತ್ತಿರ ತಂದು ಓದಿದಳು, ಮಡಿಸಿ ವಾಪಸು ಕೊಟ್ಟಳು.

"ಸಹಿ ಹಾಕಿದವನು ಆಗ ಹುಟ್ಟೇ ಇರಲಿಲ್ಲವೇನೋ" ಎಂದಳು.

"ಇನ್ನೂ ಮೇಲಿನವರಿಗೆ ಬರೀತೀನಿ ಅತ್ತಿಗೆ. ಬಿಡಲ್ಲ."

"ನಿನ್ನಿಷ್ಟ. ನನ್ನ ಕೇಳಬೇಡ." ಅತ್ತಿಗೆ ಎದ್ದು ನಿಂತಳು. ಅವಳ ನೆರಳು ಟೇಪಮ್ಮನ ಮೇಲೆ ಬಿತ್ತು. "ಒಂದು ಮಾತು. ಇನ್ನು ಇಲ್ಲಿಗೆ ಬರಬೇಡ."

ಟೇಪಮ್ಮ ತಲೆ ತಗ್ಗಿಸಿದಳು.

"ಕೋಪಕ್ಕೆ ಹೇಳ್ತಿಲ್ಲ. ಕೋಪ ಎಂದೋ ಸವೆದು ಹೋಯ್ತು. ನಿನ್ನ ಮುಖದಲ್ಲಿ ಅವರ ಮೂಗಿದೆ, ಅವರ ಹಣೆ ಇದೆ. ಅವರು ಐವತ್ತೇಳಾಗಿದ್ರೆ ಹೇಗಿರ್ತಿದ್ರು ಅಂತ ನೀನು ಬಾಗಿಲಲ್ಲಿ ಬಂದು ನಿಂತಾಗ ಗೊತ್ತಾಯ್ತು. ನೀನು ಹೋದ ಮೇಲೆ ಎಂಟು ದಿನ ನಾನು ಕೆಲಸಕ್ಕೆ ಬರಲಿಲ್ಲ. ನನ್ನ ಕೈಲಿ ಆಗಲ್ಲ ಕಣೇ."

ಪರದೆ ಸರಿಸಿ ಅಂಗಡಿಯ ಯಜಮಾನ ಎರಡು ಫ್ರೇಮು ತಂದಿಟ್ಟು, ಸಂಜೆಗೆ ಬೇಕಂತೆ ಎಂದು ಹೇಳಿ ಹೋದ. ಅತ್ತಿಗೆ ಕೂತು ಸ್ವಿಚ್ಚು ಹಾಕಿದಳು. ಕಲ್ಲು ತಿರುಗತೊಡಗಿತು. ಟೇಪಮ್ಮ ಪತ್ರವನ್ನು ಚೀಲಕ್ಕೆ ಹಾಕಿಕೊಂಡಳು. ಹೊರಗೆ ಬಂದಳು.

ಬಸ್‌ಸ್ಟಾಪಿನಲ್ಲಿ ಒಂದು ಬಸ್ಸು ಬಂದು ಹೋಯಿತು. ಅವಳು ಅದನ್ನು ನೋಡಿಯೂ ಹತ್ತಲಿಲ್ಲ. ಎರಡನೆಯದು ಬಂದಾಗ ಹಿಂದಿನವರು ನೂಕಿದ್ದಕ್ಕೆ ಹತ್ತಿದಳು. ಒಳಗೆ ಅರ್ಧಕ್ಕರ್ಧ ಖಾಲಿಯಿತ್ತು. ಕೂತ್ಕೊಳ್ಳಿ ಅಮ್ಮ, ಜಾಗ ಇದೆಯಲ್ಲ ಎಂದು ಕಂಡಕ್ಟರ್ ಎರಡು ಸಲ ಹೇಳಿದ. ಅವಳು ಕೈ ಚಾಚಿ ಮೇಲಿನ ಕಂಬಿ ಹಿಡಿದುಕೊಂಡು ಊರು ಮುಟ್ಟುವವರೆಗೂ ನಿಂತೇ ಬಂದಳು.